ಹಿಂದಕ್ಕೆ ಕೂತ ಮರ

ಕೊಯ್ದ ಮರ ಮುಂದಕ್ಕೆ ಬಿದ್ದರೆ ಕೆಲಸ ಮುಗಿಯಿತು, ಬೀಳದೆ ಹಿಂದಕ್ಕೆ ಕೂತರೆ ಅದರಷ್ಟು ಹೆದರಿಕೆ ಇನ್ನೊಂದಿಲ್ಲ ಎಂದು ಮರ ಕೊಯ್ಯುವವರು ಹೇಳುವುದುಂಟು. ಧರ್ಣಪ್ಪ ಅದನ್ನು ಕೇಳಿದ್ದನೇ ಹೊರತು ಕಂಡವನಲ್ಲ. ಕಂಡದ್ದು ಅರವತ್ತಮೂರನೇ ಇಸವಿಯಲ್ಲಿ, ಬೇಸಗೆಯ ಕೊನೆಯ ಪತ್ತನಾಜೆ ಹಬ್ಬ ಕಳೆದು ಆಕಾಶ ದಿನವೂ ಮಧ್ಯಾಹ್ನದ ಮೇಲೆ ಕಪ್ಪಾಗತೊಡಗಿದ್ದಾಗ, ನರಿಕೊಂಬಿನ ಕಾವೇರಮ್ಮನ ಮನೆಯ ಹತ್ತಿರ.

ಅದು ಹೆಬ್ಬಲಸಿನ ಮರ. ಇಬ್ಬರು ಕೈ ಚಾಚಿ ತಬ್ಬಿದರೂ ಬೆರಳಿಗೆ ಬೆರಳು ತಾಗದಷ್ಟು ದಪ್ಪ. ಅದರ ಮುಂದೆ ಹೊಳೆಯವರೆಗೂ ಬೇಸಗೆಯ ಖಾಲಿ ಗದ್ದೆ. ಹಿಂದೆ, ಕೊಂಬೆಗಳ ನೆರಳು ಮಾಡಿನ ಮೇಲೆ ಬೀಳುವಷ್ಟು ಹತ್ತಿರದಲ್ಲಿ, ಕಾವೇರಮ್ಮನ ಹಂಚಿನ ಮನೆ. ಗಂಡ ತೀರಿದ ಮೇಲೆ ಬೀಡಿ ಕಟ್ಟಿ, ಒಂದು ಹಸು ಸಾಕಿಕೊಂಡು ಬದುಕುತ್ತಿದ್ದ ಹೆಂಗಸು ಅವಳು. ಮಳೆಗಾಲದಲ್ಲಿ ಗಾಳಿ ಎದ್ದಿತೆಂದರೆ ಚಾಪೆ ಎತ್ತಿಕೊಂಡು ಮನೆಯ ಆಚೆ ತುದಿಗೆ ಹೋಗಿ ಕೂರುವಳು. ಮರ ಕಡಿಸಿ ಕೊಡಿ ಎಂದು ಜಾಗದ ಒಡೆಯರನ್ನು ಕೇಳಿ ಕೇಳಿ ಸಾಕಾಗಿ, ಕೊನೆಗೆ ಬಂಟ್ವಾಳ ಪೇಟೆಯ ಮರದ ವ್ಯಾಪಾರಿ ಜಯರಾಜರು ಅದನ್ನು ಕೊಂಡರು ಎಂದು ಗೊತ್ತಾದಾಗ ಅವಳಿಗೆ ಜೀವ ಬಂದಂತಾಗಿತ್ತು.

ಜಯರಾಜರು ಮೂಡುಬಿದಿರೆ ಕಡೆಯ ಜೈನರು. ಮಾತು ಕಡಿಮೆ, ಮನಸ್ಸು ಮೆದು. ಆ ವರ್ಷ ಅವರು ಬೊಂಬಾಯಿಯಿಂದ ಒಂದು ಮೋಟಾರು ಗರಗಸ ತರಿಸಿದ್ದರು. ಪೆಟ್ರೋಲು ಹಾಕಿ ಹಗ್ಗ ಎಳೆದರೆ ಅದು ಕಿವಿ ಕಿವುಡಾಗುವಂತೆ ಕೂಗುತ್ತ, ಹಲ್ಲಿನ ಸರಪಳಿಯನ್ನು ತಿರುಗಿಸುತ್ತ, ಇಬ್ಬರು ಒಂದು ಹೊತ್ತಿಡೀ ಎಳೆಯಬೇಕಾದ ಕೊಯ್ತವನ್ನು ಬೀಡಿ ಸೇದಿ ಮುಗಿಸುವುದರೊಳಗೆ ಮುಗಿಸುತ್ತಿತ್ತು. ಅದನ್ನು ಹಿಡಿಯಲು ಜಯರಾಜರು ಆರಿಸಿದ್ದು ಧರ್ಣಪ್ಪನನ್ನು. ಅವನೂ ಅವನಿಗಿಂತ ಹಿರಿಯನಾದ ತುಕ್ರಪ್ಪನೂ ಒಂದೇ ಕೈಗರಗಸದ ಎರಡು ತುದಿ ಹಿಡಿದು ವರ್ಷಗಟ್ಟಲೆ ದುಡಿದವರು. ಧರ್ಣಪ್ಪನಿಗೆ ಹೆದರಿಕೆ ಎಂದರೆ ಏನೆಂದು ಗೊತ್ತಿಲ್ಲ ಎಂದು ಜನ ಹೇಳುತ್ತಿದ್ದರು. ಅವನೂ ಹಾಗೆಯೇ ನಂಬಿದ್ದ.

ದೊಡ್ಡ ಮರ ಕೊಯ್ಯುವಾಗ ಗರಗಸ ಒಳಗೆ ಹೋದ ಹಾಗೆ ಅದರ ಹಿಂದಿನಿಂದ ಕೊಯ್ದ ಬಾಯಿಗೆ ಬೆಣೆ ಬಡಿಯುತ್ತ ಹೋಗಬೇಕು. ಇಲ್ಲದಿದ್ದರೆ ಮರ ಹಿಂದಕ್ಕೆ ವಾಲಿ, ಬಾಯಿ ಮುಚ್ಚಿ, ಗರಗಸ ಒಳಗೇ ಸಿಕ್ಕಿಬೀಳುತ್ತದೆ. ಮೊದಲು ಗಟ್ಟಿಮರದ ಬೆಣೆಗಳೇ ಸಾಕಾಗುತ್ತಿದ್ದವು. ಮೋಟಾರಿನ ವೇಗಕ್ಕೆ ಅವು ತಡೆಯಲಿಲ್ಲ, ತಲೆ ಒಡೆದು ನಾರಾಗಿ ಹೋಗುತ್ತಿದ್ದವು. ಹಾಗಾಗಿ ಧರ್ಣಪ್ಪ ಮಾಣಿ ಪೇಟೆಯಲ್ಲಿ ಲಾರಿ ರಿಪೇರಿ ಮಾಡುವ ಅಬ್ದುಲ್ ಸಲಾಂ ಬ್ಯಾರಿಯ ಗರಾಜಿಗೆ ಹೋಗಿ, ಲಾರಿಯ ಮುರಿದ ಕಮಾನು ಪಟ್ಟಿಯ ತುಂಡು ಕೇಳಿ ತೆಗೆದುಕೊಂಡು, ಅಲ್ಲೇ ಬೆಂಕಿಯಲ್ಲಿ ಕಾಯಿಸಿ ಬಡಿದು, ನೀರಿಗೆ ಅದ್ದಿ, ಸಾಣೆ ಹಿಡಿದು ಎರಡು ಉಕ್ಕಿನ ಬೆಣೆ ಮಾಡಿಕೊಂಡ. ಎರಡೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು.

"ನಮ್ಮ ಕಾಲಕ್ಕೆ ಇದು ಸವೆಯುದಿಲ್ಲ," ಎಂದು ತುಕ್ರಪ್ಪನಿಗೆ ತೋರಿಸಿದ್ದ.

ಅವತ್ತು ಬೆಳಿಗ್ಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ಮರದ ನೆತ್ತಿಗೆ ದಪ್ಪ ಹಗ್ಗ ಕಟ್ಟಿ ಗದ್ದೆಯಾಚೆಯ ಮಾವಿನ ಬುಡಕ್ಕೆ ಬಿಗಿದರು. ಮುಂದಿನ ಕಡೆ, ಅಂದರೆ ಗದ್ದೆಯ ಕಡೆ, ದೊಡ್ಡ ಕಚ್ಚು ತೆಗೆದರು. ಕಾವೇರಮ್ಮ ಹಸುವನ್ನೂ ಕೋಳಿಗಳನ್ನೂ ಹೊರಗೆ ಹೊಡೆದುಕೊಂಡು ಹೋದಳು. ಧರ್ಣಪ್ಪ ಹಿಂದಿನಿಂದ ಗರಗಸ ಇಟ್ಟ. ಮೋಟಾರು ಕೂಗುತ್ತ, ಬೆಣೆ ಬಡಿಯಲು ಬಿಡುವು ಕೊಡದಷ್ಟು ಬೇಗ ಒಳಗೆ ಹೋಯಿತು. ನಡುವೆ ಅಂಗೈ ಅಗಲದಷ್ಟು ಮರ ಉಳಿದಿದೆ ಎನ್ನುವಾಗ ಹೊಳೆಯ ಕಡೆಯಿಂದ ಗಾಳಿ ಬೀಸಿತು.

ಮರ ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಸದ್ದಾಯಿತು. ಗರಗಸದ ಕೂಗು ನಿಂತುಹೋಯಿತು. ಧರ್ಣಪ್ಪ ಎಳೆದ, ಅದು ಅಲುಗಲಿಲ್ಲ. ಕೊಯ್ದ ಬಾಯಿ ಅದನ್ನು ಕಚ್ಚಿ ಹಿಡಿದಿತ್ತು. ಮರ ಹಿಂದಕ್ಕೆ, ಮನೆಯ ಕಡೆಗೆ ಕೂತಿತ್ತು.

"ಬೆಣೆ, ಬೆಣೆ," ಎಂದ ಧರ್ಣಪ್ಪ.

ತುಕ್ರಪ್ಪ ಒಂದು ಉಕ್ಕಿನ ಬೆಣೆಯನ್ನು ಬಾಯಿಗಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆದ. ಬೆಣೆ ಗಂಟೆಯ ಹಾಗೆ ಠಣ್ ಎಂದು ಸ್ವಲ್ಪ ಒಳಗೆ ಹೋಯಿತು. ಇನ್ನೊಂದು ಪೆಟ್ಟು ಹಾಕಿದ. ನುಣುಪಾದ ಉಕ್ಕು ಹಸಿಮರದಲ್ಲಿ ನಿಲ್ಲದೆ ಸೋಪಿನ ಹಾಗೆ ಜಾರಿ ಹೊರಗೆ ಚಿಮ್ಮಿತು. ಅದನ್ನು ಹೆಕ್ಕಿ ಮತ್ತೆ ಇಟ್ಟು, ತುಕ್ರಪ್ಪ ಈ ಸಲ ಮೈಯ ಬಲವನ್ನೆಲ್ಲ ಹಾಕಿ ಹೊಡೆದ.

ಏನೋ ಚಟ್ ಎಂದಿತು. ತುಕ್ರಪ್ಪ ಸುತ್ತಿಗೆ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತ. ಬೆರಳುಗಳ ಸಂದಿನಿಂದ ರಕ್ತ ಇಳಿಯಿತು. ಬೆಣೆಯ ತಲೆಯಿಂದ ಒಂದು ಚೂರು ಸಿಡಿದು ಅವನ ಬಲಗಣ್ಣಿಗೆ ಹೊಕ್ಕಿತ್ತು. ಅದೇ ಗಳಿಗೆಗೆ ಮೇಲೆ ಎಲ್ಲೋ ಮರ ಕಿರ್ರೆಂದಿತು, ದಪ್ಪ ಹಗ್ಗದ ಒಂದು ಎಳೆ ಪಟಕ್ಕನೆ ಕಡಿಯಿತು. ಯಾರೋ "ಬಂತು, ಬಂತು" ಎಂದರು.

ಧರ್ಣಪ್ಪ ಓಡಿದ.

ಕಾಲುಗಳು ಅವನನ್ನು ಕೇಳಲಿಲ್ಲ. ಗದ್ದೆಯ ಹುಣಿ ದಾಟಿ, ಮುಳ್ಳಿನ ಬೇಲಿ ಹಾರಿ, ಹೆದ್ದಾರಿ ಸಿಗುವವರೆಗೆ ಅವನು ಹಿಂದೆ ತಿರುಗಲಿಲ್ಲ. ಮರ ಬಿದ್ದ ಸದ್ದಿಗಾಗಿ ಅವನ ಬೆನ್ನು ಕಾಯುತ್ತಿತ್ತು, ಸದ್ದು ಬರಲಿಲ್ಲ. ರಸ್ತೆಯ ಬದಿಯಲ್ಲಿ ನಿಂತು ಉಸಿರು ತೆಗೆಯುವಾಗ ನೆನಪಾಯಿತು: ತುಕ್ರಪ್ಪನನ್ನು ಅವನು ಮರದ ಅಡಿಯಲ್ಲೇ ಬಿಟ್ಟು ಬಂದಿದ್ದ. ತಿರುಗಿ ಹೋಗಬೇಕು ಎಂದುಕೊಂಡ. ಅಷ್ಟರಲ್ಲಿ ಪುತ್ತೂರಿನ ಬಸ್ಸು ಬಂತು. ಕೈ ತಾನಾಗಿ ಮೇಲಕ್ಕೆ ಹೋಯಿತು.

ಮಾಣಿಯಲ್ಲಿ ಇಳಿದು ಕಡೇಶಿವಾಲಯದ ತನ್ನ ಮನೆಗೆ ನಡೆದುಬಿಡುವುದು ಎಂದು ಅವನ ಯೋಚನೆ. ಮನೆಗೆ ಹೋಗಿ ಬಾಗಿಲು ಹಾಕಿ ಮಲಗುವುದು. ಯಾರು ಕರೆದರೂ ಏಳದಿರುವುದು. ಬಸ್ಸಿನಲ್ಲಿ ಪಕ್ಕ ಕೂತವನು ಅವನ ಬರಿ ಮೈ ನೋಡಿ ಸರಿದು ಕೂತ. ಅಂಗಿ ಅಲ್ಲೇ ಗದ್ದೆಯ ಬದಿಯಲ್ಲಿ ಉಳಿದಿತ್ತು. ಕಣ್ಣು ಮುಚ್ಚಿದರೆ ಮರದ ನೆತ್ತಿ ನಿಧಾನವಾಗಿ ತನ್ನ ಕಡೆಗೆ ಬಾಗುವುದು ಕಾಣುತ್ತಿತ್ತು. ಕಣ್ಣು ತೆರೆದರೆ ತುಕ್ರಪ್ಪನ ಬೆರಳುಗಳು.

ಮಾಣಿಯಲ್ಲಿ ರಸ್ತೆ ದಾಟುವಾಗ ಸಲಾಂ ಬ್ಯಾರಿ ಒಂದು ಲಾರಿಯ ಅಡಿಯಿಂದ ತಲೆ ಹೊರಗೆ ಹಾಕಿ ಕರೆದ.

"ಧರ್ಣಪ್ಪ, ಬೆಣೆ ಹೇಗುಂಟು? ಕೆಲಸ ಆಯ್ತಾ?"

ಧರ್ಣಪ್ಪ ಅತ್ತ ಹೋದ. ಗರಾಜಿನ ಮುಂದೆ ಬಿದ್ದಿದ್ದ ಟಯರಿನ ಮೇಲೆ ಕುಸಿದು ಕೂತ. ಸಲಾಂ ನೀರು ತಂದುಕೊಟ್ಟ. ಅದನ್ನು ಕುಡಿಯಲು ಹೋದರೆ ಲೋಟ ಹಲ್ಲಿಗೆ ಬಡಿದು ಟಕಟಕ ಎಂದಿತು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ತುಕ್ರಪ್ಪನ ಕಣ್ಣಿನ ವಿಷಯ ಕೇಳಿದಾಗ ಸಲಾಂನ ಮುಖ ಬೆಳ್ಳಗಾಯಿತು.

"ಆ ಪಟ್ಟಿ ಕೊಟ್ಟದ್ದು ನಾನು," ಎಂದ. "ಕಾಯಿಸಿ ನೀರಿಗೆ ಹಾಕಿದ ಕಮಾನು ಉಕ್ಕು ಗಾಜಿನ ಹಾಗೆ. ಪೆಟ್ಟು ಬಿದ್ದರೆ ಸಿಡಿಯುತ್ತದೆ. ನಾನಾದರೂ ಹೇಳಬೇಕಿತ್ತು. ನೀನು ಅಷ್ಟು ಖುಷಿಯಲ್ಲಿ ಇದ್ದೆ, ನಾನೂ ನೋಡ್ತಾ ನಿಂತೆ."

"ಈಗ ಎಂತ ಮಾಡುದು ಬ್ಯಾರಿಗಳೇ?"

"ಮರ ಇನ್ನೂ ನಿಂತಿದೆಯಾ?"

"ಗೊತ್ತಿಲ್ಲ. ಬಿದ್ದ ಸದ್ದು ಕೇಳ್ಲಿಲ್ಲ."

ಸಲಾಂ ಆಕಾಶ ನೋಡಿದ. ಪಡುವಣದಲ್ಲಿ ಮೋಡ ಎದ್ದಿತ್ತು. "ಮೆತ್ತಗಿನ ಲೋಹ ಬೇಕು," ಎಂದ. "ಅಲ್ಯುಮಿನಿಯಂ. ಪೆಟ್ಟು ಬಿದ್ದರೆ ಚಪ್ಪಟೆ ಆಗ್ತದೆ, ಸಿಡಿಯುದಿಲ್ಲ. ಸರಪಳಿಗೆ ತಾಗಿದರೂ ಸರಪಳಿ ಹೋಗುದಿಲ್ಲ. ನಾನು ಎರಕ ಹೊಯ್ದು ಕೊಡ್ತೇನೆ. ತೆಗೆದುಕೊಂಡು ಹೋಗುದು ನೀನೋ ಬೇರೆ ಯಾರೋ, ಅದು ಆಮೇಲೆ ನೋಡುವ."

ಆ ಕೊನೆಯ ಮಾತು ಹೇಳದಿದ್ದರೆ ಧರ್ಣಪ್ಪ ಅಲ್ಲಿಂದಲೂ ಎದ್ದು ಹೋಗುತ್ತಿದ್ದನೋ ಏನೋ. ಹೇಳಿದ್ದರಿಂದ ಕೂತ. ಸಲಾಂ ಪಕ್ಕದ ಚಹದಂಗಡಿಯಿಂದ ತೂತುಬಿದ್ದ ಎರಡು ಅಲ್ಯುಮಿನಿಯಂ ಪಾತ್ರೆಗಳನ್ನೂ ಹಿಡಿ ಮುರಿದ ಒಂದು ಕೆಟ್ಲನ್ನೂ ಕೇಳಿ ತಂದು, ಬಡಿದು ಮಡಚಿ ಕಬ್ಬಿಣದ ಪಾತ್ರೆಗೆ ತುಂಬಿದ. ತೆಂಗಿನ ಗೆರಟೆಯ ಇದ್ದಿಲು ಹಾಕಿ ಬೆಂಕಿ ಮಾಡಿದ. ಗಾಳಿಯಂತ್ರದ ಚಕ್ರ ತಿರುಗಿಸಲು ಧರ್ಣಪ್ಪನನ್ನು ಕೂರಿಸಿದ. ತಾನು ಮರದ ತುಂಡಿನಿಂದ ಬೆಣೆಯ ಆಕಾರ ಕೆತ್ತಿ, ಪೆಟ್ಟಿಗೆಯಲ್ಲಿ ತುಂಬಿದ ಮರಳಿಗೆ ಒತ್ತಿ, ಅಚ್ಚು ತೆಗೆದು ಅದನ್ನು ಕೆಂಡದ ಬದಿಗಿಟ್ಟು ಒಣಗಿಸಿದ.

ಪಾತ್ರೆಗಳು ಮೊದಲು ಕುಗ್ಗಿದವು, ಆಮೇಲೆ ಒಮ್ಮೆಲೇ ಕುಸಿದು ಹಾಲಿನ ಕೆನೆಯಂಥ ಬಿಳಿ ರಸವಾದವು. ಹೊರಗೆ ನಾಲ್ಕು ಹನಿ ಮಳೆ ಬಿತ್ತು. ತಗಡಿನ ಮಾಡಿನ ತೂತಿನಿಂದ ಒಂದು ಹನಿ ಅಚ್ಚಿನೊಳಗೆ ಇಳಿದದ್ದು ಇಬ್ಬರಿಗೂ ಕಾಣಲಿಲ್ಲ. ಸಲಾಂ ಹೊಯ್ಯತೊಡಗಿದ್ದೇ ತಡ, ಅಚ್ಚು ಬುಸ್ಸೆಂದು ಕಾದ ಲೋಹವನ್ನು ಮೇಲಕ್ಕೆ ಉಗುಳಿತು. ಧರ್ಣಪ್ಪ ಕಣ್ಣು ಮುಚ್ಚಿ ಹಿಂದಕ್ಕೆ ಬಿದ್ದ. ಕಣ್ಣು ತೆರೆದಾಗ ಸಲಾಂ ತೋಳಿನ ಮೇಲೆ ಅಂಟಿದ ಹನಿಯನ್ನು ಉಗುರಿನಲ್ಲಿ ಕಿತ್ತು ಹಾಕುತ್ತಿದ್ದ. ಚರ್ಮವೂ ಜೊತೆಗೆ ಬಂತು.

"ಹೆದರಿದ್ದೀಯಾ?" ಎಂದ ಸಲಾಂ.

"ಹೌದು."

"ನಾನೂ ಹೆದರಿದೆ. ಇನ್ನೊಂದು ಅಚ್ಚು ಮಾಡುವ. ತೂತಿಲ್ಲದ ಆ ಮೂಲೆಗೆ ಇಡುವ."

ಎರಡನೇ ಸಲ ಸರಿಯಾಯಿತು. ಮೂರು ಬೆಣೆಗಳು ಬಂದವು, ಬೂದುಬಣ್ಣದ, ಒರಟಾದ, ನೋಡಲು ಏನೂ ಚೆಂದವಿಲ್ಲದವು. ಸಲಾಂ ಅವುಗಳ ಅಂಚನ್ನು ಅರದಿಂದ ಉಜ್ಜಿ ತೆಳು ಮಾಡಿದ. ಮೈಯನ್ನು ನುಣುಪು ಮಾಡಲಿಲ್ಲ. ಬದಲಿಗೆ ಉಳಿಯಿಂದ ಅಡ್ಡಡ್ಡ ಗೀರು ಹಾಕಿದ, ಮರ ಅದನ್ನು ಹಿಡಿದುಕೊಳ್ಳಲಿ ಎಂದು. ಅಷ್ಟರಲ್ಲಿ ಮಂಗಳೂರಿಗೆ ಹೋಗುವ ಒಂದು ಲಾರಿ ಬಂದು ನಿಂತಿತು. ಸಲಾಂ ಬೆಣೆಗಳನ್ನು ಗೋಣಿಯ ತುಂಡಿನಲ್ಲಿ ಸುತ್ತಿ, ಡ್ರೈವರನಿಗೆ ನರಿಕೊಂಬಿನ ದಾರಿ ಹೇಳಿದ. ಹೇಳುತ್ತಿದ್ದವನು ನಡುವೆ ನಿಲ್ಲಿಸಿ ಧರ್ಣಪ್ಪನ ಮುಖ ನೋಡಿದ. ಧರ್ಣಪ್ಪ ಗೋಣಿಯ ಗಂಟನ್ನು ಅವನ ಕೈಯಿಂದ ತೆಗೆದುಕೊಂಡು ಲಾರಿ ಹತ್ತಿದ. ಲೋಹದಲ್ಲಿ ಇನ್ನೂ ಬಿಸಿಯಿತ್ತು. ತೊಡೆಯ ಮೇಲೆ ಇಟ್ಟುಕೊಂಡು ಕೂತವನಿಗೆ ದಾರಿಯುದ್ದಕ್ಕೂ ಒಂದೇ ಆಸೆ: ತಾನು ತಲುಪುವ ಮೊದಲೇ ಮರ ಬಿದ್ದಿರಲಿ. ಎಲ್ಲಿಗಾದರೂ ಬೀಳಲಿ, ಯಾರ ಮನೆಯ ಮೇಲಾದರೂ ಬೀಳಲಿ. ಆ ಆಸೆಗೆ ಅವನಿಗೇ ನಾಚಿಕೆಯಾಯಿತು. ಆದರೂ ಅದು ಹೋಗಲಿಲ್ಲ.

ಮರ ಬಿದ್ದಿರಲಿಲ್ಲ.

ದೂರದಿಂದಲೇ ಅದರ ನೆತ್ತಿ ಕಂಡಿತು. ಜನ ಗದ್ದೆಯ ಆಚೆ ಬದಿಯಲ್ಲಿ ಗುಂಪಾಗಿ ನಿಂತಿದ್ದರು. ಜಯರಾಜರು ಒಬ್ಬರೇ ಸ್ವಲ್ಪ ಮುಂದೆ, ಬಿಳಿ ಪಂಚೆಯ ತುಂಬ ತುಕ್ರಪ್ಪನ ರಕ್ತದ ಕಲೆ. ಅವನನ್ನು ಮರದ ಅಡಿಯಿಂದ ಹೊರಗೆ ಎಳೆದವರು ಅವರೇ. ತುಕ್ರಪ್ಪನನ್ನು ಮಂಗಳೂರಿನ ಆಸ್ಪತ್ರೆಗೆ ಕಳಿಸಿಯಾಗಿತ್ತು. ಧರ್ಣಪ್ಪನನ್ನು ನೋಡಿ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬೇಡ ಧರ್ಣಪ್ಪ," ಎಂದರು. "ಇನ್ನೊಬ್ಬನ ರಕ್ತ ನನಗೆ ಬೇಡ. ಮರವೂ ಹೋಗಲಿ, ಮಿಶನೂ ಹೋಗಲಿ. ಮನೆ ಬಿದ್ದರೆ ನಾನು ಕಟ್ಟಿಸಿಕೊಡ್ತೇನೆ."

ಧರ್ಣಪ್ಪನಿಗೆ ಅದೇ ಮಾತು ಬೇಕಿತ್ತು. ಆದರೆ ಅದನ್ನು ಕೇಳಿದ ಮೇಲೂ ಅವನಿಗೆ ಮರದ ಬುಡದಿಂದ ಕಣ್ಣು ಕೀಳಲಾಗಲಿಲ್ಲ. ಮಾವಿಗೆ ಕಟ್ಟಿದ ಹಗ್ಗದಲ್ಲಿ ಉಳಿದಿದ್ದ ಎಳೆಗಳು ಬಿಗಿದು ತೆಳ್ಳಗಾಗಿದ್ದವು. ಹೊಳೆಯ ಆಚೆ ಮಳೆ ಬೆಳ್ಳಗೆ ಪರದೆಯ ಹಾಗೆ ಇಳಿಯುತ್ತಿತ್ತು. ಆ ಗಾಳಿ ಇಲ್ಲಿ ಮುಟ್ಟಿದರೆ ಮುಗಿಯಿತು.

"ಒಬ್ಬ ಮೇಲೆ ನೋಡುವವ ಬೇಕು ಧಣಿಗಳೇ," ಎಂದ. ತನ್ನ ಸ್ವರ ಯಾರದೋ ಹಾಗೆ ಕೇಳಿಸಿತು. "ಬೆಣೆ ಹೊಡೆಯುವವನಿಗೆ ಮರದ ತಲೆ ಕಾಣುದಿಲ್ಲ. ಅದು ಎತ್ತ ತೂಗ್ತದೆ ಅಂತ ಒಬ್ಬ ಹೇಳ್ಬೇಕು."

ಹಾಗೆ ನೋಡಿ ಹೇಳುವುದು ಯಾವಾಗಲೂ ತುಕ್ರಪ್ಪನ ಕೆಲಸ, ಬೆಳಿಗ್ಗೆ ಅವಸರದಲ್ಲಿ ಅವನೇ ಸುತ್ತಿಗೆ ಹಿಡಿದಿದ್ದ. ಗುಂಪಿನಲ್ಲಿ ಯಾರೂ ಅಲುಗಲಿಲ್ಲ. ಜಯರಾಜರು ತಾವೇ ಪಂಚೆ ಎತ್ತಿ ಕಟ್ಟತೊಡಗಿದರು. ಅಷ್ಟರಲ್ಲಿ ಹಸುವಿನ ಹಗ್ಗ ಹಿಡಿದು ಬದಿಯಲ್ಲಿ ಕೂತಿದ್ದ ಕಾವೇರಮ್ಮ ಎದ್ದಳು. ಹಗ್ಗವನ್ನು ಪಕ್ಕದವಳ ಕೈಗೆ ಕೊಟ್ಟಳು.

"ನಾನು ನೋಡ್ತೇನೆ," ಎಂದಳು.

"ನೀವು ಬೇಡ ಅಕ್ಕ," ಎಂದ ಧರ್ಣಪ್ಪ.

"ಮದುವೆಯಾಗಿ ಬಂದಾಗಿನಿಂದ ಅದರ ತಲೆ ನೋಡಿಕೊಂಡೇ ಕೂತವಳು ನಾನು. ನಿದ್ದೆ ಇಲ್ಲದೆ. ಅದು ತೂಗುವ ಪರಿ ನನಗೆ ಗೊತ್ತುಂಟು."

"ಹೆದರಿಕೆ ಆಗುದಿಲ್ವಾ?"

"ಆಗದೆ?" ಎಂದಳು ಕಾವೇರಮ್ಮ. ಅವಳ ಕೈ ಸೆರಗನ್ನು ಹಿಂಡುತ್ತಿತ್ತು. "ಹೋಗುವ. ನಿಂತರೆ ಇನ್ನೂ ಹೆದರಿಕೆ."

ಇಬ್ಬರೂ ನಡೆದರು. ಬೆಣೆ ಹೊಡೆಯುವವನು ನಿಲ್ಲಬೇಕಾದ ಜಾಗ ಮರದ ಹಿಂದೆ, ಮನೆಗೂ ಮರಕ್ಕೂ ನಡುವೆ. ಅದು ಕೂತ ಕಡೆಗೇ ಬಿದ್ದರೆ ಮೊದಲು ಸಿಗುವುದು ಅವನೇ. ತುಕ್ರಪ್ಪನ ರಕ್ತ ಮರದ ಹುಡಿಯ ಮೇಲೆ ಕಪ್ಪಾಗಿತ್ತು. ಧರ್ಣಪ್ಪ ಅದನ್ನು ಮೆಟ್ಟದೆ ನಿಲ್ಲಲು ನೋಡಿದ, ಜಾಗವಿರಲಿಲ್ಲ. ಮೊದಲ ಬೆಣೆಯ ಅಂಚನ್ನು ಬಾಯಿಗಿಡುವಾಗ ಅದು ಕೆಳಗೆ ಬಿತ್ತು. ಎರಡನೇ ಸಲವೂ ಬಿತ್ತು. ಕಾವೇರಮ್ಮ ಬಗ್ಗಿ ಹೆಕ್ಕಿ ಕೊಟ್ಟು, ಕತ್ತು ಹಿಂದಕ್ಕೆ ಬಾಗಿಸಿ ಮೇಲೆ ನೋಡುತ್ತ ನಿಂತಳು.

"ಈಗ ಈ ಕಡೆ ಬರ್ತಾ ಉಂಟು," ಎಂದಳು. "ತಡಿ. ತಡಿ. ಈಗ ಹೋಗ್ತಾ ಉಂಟು. ಹೊಡಿ."

ಹೊಡೆದ. ಗಂಟೆಯ ಸದ್ದಿಲ್ಲ, ಮಂದವಾದ ಥಪ್ ಎಂಬ ಸದ್ದು. ಬೆಣೆ ಮರದ ಒಳಗೆ ಕೂತಿತು. ಜಾರಲಿಲ್ಲ.

"ತಡಿ. ಬರ್ತಾ ಉಂಟು. ಹೊಡಿ ಈಗ."

ಎರಡನೆಯದನ್ನು ಪಕ್ಕದಲ್ಲಿ ಇಟ್ಟ. ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ. ಬೆಣೆಗಳ ತಲೆ ಅಣಬೆಯ ಹಾಗೆ ಅರಳಿ ಚಪ್ಪಟೆಯಾಗುತ್ತ ಬಂತು. ಪ್ರತಿ ಪೆಟ್ಟಿಗೂ ಅವನ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮುಚ್ಚಿದ ಕಣ್ಣಿನಲ್ಲೇ ಹೊಡೆಯುತ್ತಿದ್ದ. ಮರದ ಒಳಗಿನಿಂದ ಹಲ್ಲು ಕಡಿಯುವಂಥ ಸದ್ದು ಬರುತ್ತಿತ್ತು. ಅದು ಒಡೆಯುತ್ತಿರುವುದೋ, ಏಳುತ್ತಿರುವುದೋ ತಿಳಿಯುತ್ತಿರಲಿಲ್ಲ. ಹೆಂಡತಿಯ ಹೆಸರೋ ದೈವದ ಹೆಸರೋ, ಏನೋ ಒಂದನ್ನು ಅವನು ಹೇಳಿಕೊಳ್ಳುತ್ತಿದ್ದ.

ಆಗ ಗಾಳಿ ಮುಟ್ಟಿತು.

"ತಡಿ," ಎಂದಳು ಕಾವೇರಮ್ಮ. ಸ್ವರ ಸಣ್ಣಗಾಗಿತ್ತು. "ಬರ್ತಾ ಉಂಟು. ಬರ್ತಾ ಉಂಟು. ಇನ್ನೂ ಬರ್ತಾ ಉಂಟು."

ಮಾವಿನ ಕಡೆಯ ಹಗ್ಗ ಪಟಪಟ ಕಡಿದು, ತುದಿ ಗಾಳಿಯಲ್ಲಿ ಹಾವಿನ ಹಾಗೆ ಹಾರಿತು. ಇಡೀ ಮರ ಆ ಎರಡು ಬೆಣೆಗಳ ಮೇಲೆ ಕೂತಿತು. ಧರ್ಣಪ್ಪ ಅವುಗಳನ್ನೇ ನೋಡಿದ. ಬೂದು ಲೋಹ ಒತ್ತಿ ಒತ್ತಿ ಅಗಲವಾಯಿತು, ಬದಿಯಲ್ಲಿ ಮರದ ರಸ ಹಿಂಡಿದ ಹಾಗೆ ಹೊರಗೆ ಬಂತು. ಓಡಬೇಕು ಎಂದು ಅವನ ಮೈಯ ಒಂದೊಂದು ರೋಮವೂ ಹೇಳಿತು. ಪಕ್ಕದಲ್ಲಿ ಕಾವೇರಮ್ಮ ಕತ್ತೆತ್ತಿ ಹಾಗೇ ನಿಂತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮಳೆ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಒಬ್ಬನನ್ನು ಬಿಟ್ಟು ಓಡಿದ್ದ. ಇನ್ನೊಮ್ಮೆ ಆಗಲಿಲ್ಲ. ಕಾಲು ನೆಲಕ್ಕೆ ಅಂಟಿದ್ದು ಧೈರ್ಯದಿಂದಲೋ ಹೆದರಿಕೆಯಿಂದಲೋ ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಬೆಣೆಗಳು ತಡೆದವು.

"ಹೋಗ್ತಾ ಉಂಟು," ಎಂದಳು. "ಹೊಡಿ. ಹೊಡಿ ಮಗಾ."

ಮೂರನೇ ಬೆಣೆಯನ್ನು ನಡುವೆ ಇಟ್ಟು ಹೊಡೆದ. ಕೊಯ್ದ ಬಾಯಿ ಬೆರಳು ಹೋಗುವಷ್ಟು ತೆರೆಯಿತು. ಸಿಕ್ಕಿಬಿದ್ದಿದ್ದ ಗರಗಸ ಸಡಿಲವಾಗಿ ಕೆಳಗೆ ಜಾರಿತು. ಇನ್ನೊಂದು ಪೆಟ್ಟು. ಒಳಗೆ ಉಳಿದಿದ್ದ ಮರ ಸಿಡಿಲಿನ ಹಾಗೆ ಒಡೆಯಿತು. ಈಗ ಬದಿಗೆ ಸರಿಯಬೇಕು ಎಂದು ಗೊತ್ತಿದ್ದರೂ ಅವನು ಸುತ್ತಿಗೆ ಹಿಡಿದು ನಿಂತೇ ಇದ್ದ. ಕಾವೇರಮ್ಮ ಅವನ ತೋಳು ಹಿಡಿದು ಎಳೆದಳು. ಇಬ್ಬರೂ ಸೌದೆಯ ರಾಶಿಯ ಮೇಲೆ ಬಿದ್ದರು. ಮರ ನಿಧಾನವಾಗಿ, ಆಮೇಲೆ ಬೇಗ ಬೇಗ, ಗದ್ದೆಯ ಕಡೆಗೆ ಹೋಯಿತು. ನೆಲ ನಡುಗಿತು. ಹಸುವಿನ ಹಟ್ಟಿಯ ಮಾಡಿನಿಂದ ಒಂದಷ್ಟು ಹಂಚು ಕಳಚಿ ಬಿದ್ದು ಒಡೆದವು. ಮನೆ ನಿಂತಿತ್ತು.

ಮಳೆ ಧೋ ಎಂದು ಬಂತು. ಧರ್ಣಪ್ಪನಿಗೆ ಸುತ್ತಿಗೆಯಿಂದ ಬೆರಳು ಬಿಡಿಸಲು ಆಗುತ್ತಿರಲಿಲ್ಲ. ಕಾವೇರಮ್ಮ ಒಂದೊಂದಾಗಿ ಬಿಡಿಸಿದಳು. ಆಮೇಲೆ ಜಗಲಿಯಲ್ಲಿ ಕೂರಿಸಿ ಬಿಸಿ ಗಂಜಿ ಕೊಟ್ಟಳು. ಜಯರಾಜರು ಬೆಳಿಗ್ಗೆಯಿಂದ ಏನೂ ಮುಟ್ಟಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲ, ಹಾಗಾಗಿ ಅವರು ಇನ್ನು ಉಣ್ಣುವಂತಿರಲಿಲ್ಲ. ಒದ್ದೆ ಪಂಚೆಯಲ್ಲೇ ಕಂಬಕ್ಕೆ ಒರಗಿ ಕೂತು, ಧರ್ಣಪ್ಪ ಉಣ್ಣುವುದನ್ನು ನೋಡುತ್ತಿದ್ದರು.

ಎರಡು ದಿನ ಬಿಟ್ಟು ಧರ್ಣಪ್ಪ ಮಂಗಳೂರಿಗೆ ಹೋದ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮರದ ಅಡಿಯಲ್ಲಿ ಹೆದರಿದ್ದಕ್ಕಿಂತ ಹೆಚ್ಚು ಹೆದರಿದ. ತುಕ್ರಪ್ಪನ ಬಲಗಣ್ಣು ಹೋಗಿತ್ತು. ಎಡಗಣ್ಣು ಉಳಿದಿತ್ತು. ಅದರಿಂದ ಅವನು ಧರ್ಣಪ್ಪನನ್ನು ತುಂಬ ಹೊತ್ತು ನೋಡಿದ.

"ನಾನು ಓಡಿದೆ," ಎಂದ ಧರ್ಣಪ್ಪ. "ನಿಮ್ಮನ್ನು ಬಿಟ್ಟು."

"ಧಣಿಗಳು ಹೇಳಿದ್ರು."

"ಬೆಣೆ ಮಾಡಿದ್ದೂ ನಾನೇ."

ತುಕ್ರಪ್ಪ ಗೋಡೆಯ ಕಡೆಗೆ ತಿರುಗಿದ. ಅವನು ಇನ್ನು ಮಾತಾಡುವುದಿಲ್ಲ ಎಂದುಕೊಂಡು ಧರ್ಣಪ್ಪ ಎದ್ದ.

"ಕೂತುಕೊ," ಎಂದ ತುಕ್ರಪ್ಪ, ತಿರುಗದೆ. "ಸಿಟ್ಟುಂಟು. ಇಲ್ಲ ಅಂತ ಹೇಳುದಿಲ್ಲ. ಆದ್ರೆ ಕೂತುಕೊ. ಒಬ್ಬನೇ ಇದ್ರೆ ಇಲ್ಲಿ ಹೆದರಿಕೆ ಆಗ್ತದೆ ಮಾರಾಯ."

ಧರ್ಣಪ್ಪ ಕೂತ. ಹೊರಗೆ ಮಳೆ ಹಿಡಿದಿತ್ತು. ಕಡೆಯ ಬಸ್ಸು ಹೋಗುವ ಹೊತ್ತಾದರೂ ಅವನು ಏಳಲಿಲ್ಲ.